‘ಜ್ಯೋತಿ’ ಎಂಬ ಧ್ವನಿಮುದ್ರಿಕೆ

ಸಂಗೀತದಲ್ಲಿ ಬೆರಕೆಯೆಂಬ ಮಾತು ಕಿವಿಗೆ ಬಿದ್ದೊಡನೆ ವಿದ್ಯಾವಂತರ ಮನೆಗಳಲ್ಲಿ ಹುಬ್ಬು ಗಂಟಿಕ್ಕುವುದು ವಾಡಿಕೆ. ಗುರುಮುಖದಿಂದ ಬಂದ ವಿದ್ಯೆ ಕೆಡಬಾರದೆಂಬ ಕಳಕಳಿ ಅದರ ಹಿಂದಿರುವುದರಿಂದ ಆ ಶಂಕೆಯನ್ನು ಹಳಿಯುವುದು ಸಲ್ಲದು. ಎರಡು ನಾಡುಗಳ ವಾದ್ಯಗಳನ್ನು ಒಂದೇ ವೇದಿಕೆಯ ಮೇಲೆ ಕೂರಿಸಿದ ಮಾತ್ರಕ್ಕೆ ಸಂಗೀತ ಹುಟ್ಟದೆಂಬುದಕ್ಕೆ ದೃಷ್ಟಾಂತಗಳು ಬೇಕಾದಷ್ಟಿವೆ. ಆದರೂ ಆ ಶಂಕೆಗೆ ಎದುರಾಗಿ ನಿಲ್ಲಬಲ್ಲ ಕೃತಿಗಳು ಅಪರೂಪವಾಗಿಯಾದರೂ ದೊರೆಯುವುದುಂಟು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಸಂಸ್ಥೆಯ ಕಲಾವಿದರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಕೂಡಿ 1983ರಲ್ಲಿ ಜರ್ಮನಿಯಲ್ಲಿ ಮುದ್ರಿಸಿದ ‘ಜ್ಯೋತಿ’ ಅಂಥದೊಂದು ಕೃತಿ.

ಆ ಸಂಸ್ಥೆಯನ್ನು ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದರು. ‘ಜ್ಯೋತಿ’ಯಲ್ಲಿ ಮೃದಂಗ ಅವರದು, ಘಟವೂ ಮೋರ್ಸಿಂಗೂ ಆರ್. ಎ. ರಾಜಗೋಪಾಲರವು, ಖಂಜಿರ ಟಿ. ಎನ್. ಶಶಿಕುಮಾರರದು. ಗಾಯನ ಆರ್. ಎ. ರಮಾಮಣಿಯವರದು, ರಚನೆಗಳೂ ಬಹುಮಟ್ಟಿಗೆ ಅವರವೇ. ತಾವೇ ಕಟ್ಟಿ ತಾವೇ ಹಾಡುವವರನ್ನು ಹಿರಿಯರು ವಾಗ್ಗೇಯಕಾರರೆಂದು ಗೌರವಿಸಿದರು. ಪುರುಷರ ಹೆಸರುಗಳೇ ತುಂಬಿರುವ ಆ ಪಂಕ್ತಿಯಲ್ಲಿ ಕನ್ನಡ ನಾಡಿನ ಮಹಿಳೆಯೊಬ್ಬರು ತಮ್ಮ ರಚನೆಗಳನ್ನು ಪರದೇಶದ ಹಿರಿಯ ವಾದಕರೆದುರು ಇರಿಸಿ, ‘ಇದರೊಳಗೆ ಬನ್ನಿ’ ಎಂದು ಕರೆದರೆಂಬುದು ಸಣ್ಣ ಸಂಗತಿಯಲ್ಲ. ಮುದ್ರಿಕೆ ಆರಂಭವಾಗುವುದೂ ರಮಾಮಣಿಯವರ ಏಕಾಂಗ ಗಾಯನದಿಂದಲೇ. ಮನೆಯ ಯಜಮಾನಿತಿ ಮೊದಲು ದೀಪ ಹಚ್ಚಿ, ಆ ಮೇಲೆ ಅತಿಥಿಗೆ ಮಣೆ ಹಾಕಿದಂತಿದೆ ಈ ಕ್ರಮ.

ಜಾಜ್ ಎಂಬ ಸಂಗೀತವು ಅಮೆರಿಕದಲ್ಲಿ, ಆಫ್ರಿಕದ ಮೂಲದ ಜನರ ನಡುವೆ, ನ್ಯೂ ಆರ್ಲಿಯನ್ಸ್ ಮೊದಲಾದ ಪಟ್ಟಣಗಳಲ್ಲಿ 20ನೆಯ ಶತಮಾನದ ಆದಿಭಾಗದಲ್ಲಿ ರೂಪುಗೊಂಡಿತು. ಗೊತ್ತಾದ ಒಂದು ರಾಗಬಂಧವನ್ನು ಹಿಡಿದು ವಾದಕನು ಆ ಕ್ಷಣದಲ್ಲಿ ಹೊಳೆದುದನ್ನು ನುಡಿಸುತ್ತ ಹೋಗುವುದು ಅದರ ಜೀವಾಳ. ಕರ್ನಾಟಕ ಸಂಗೀತವನ್ನು ಬಲ್ಲವರಿಗೆ ಇದು ಹೊಸತಲ್ಲ. ಆಲಾಪನೆಯಲ್ಲಿಯೂ ಕಲ್ಪನಾಸ್ವರದಲ್ಲಿಯೂ ನಡೆಯುವ ಮನೋಧರ್ಮದ ಕೆಲಸವೇ ಅದು. ಆದರೆ ಒಂದು ಭೇದವುಂಟು. ಜಾಜಿನ ವಾದಕನು ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನುಡಿಯುವ ಮೇಳದ ಮೇಲೆ ನಡೆಯುತ್ತಾನೆ. ಇಲ್ಲಿಯ ಗಾಯಕನಿಗೆ ಶ್ರುತಿಯೊಂದೇ ನೆಲ, ತಾಳವೊಂದೇ ಗೋಡೆ. ‘ಜ್ಯೋತಿ’ಯಲ್ಲಿ ಪಿಯಾನೊ ಇಲ್ಲ, ಅವರ ಡ್ರಮ್ಮುಗಳೂ ಇಲ್ಲ. ಮರಿಯಾನೊ ತಮಗೆ ರೂಢಿಯಾದ ಆಸರೆಯನ್ನು ಹೊರಗಿಟ್ಟು ತಂಬೂರಿಯ ಬಳಿಗೆ ಬಂದು ಕುಳಿತರು. ಇತ್ತ ರಮಾಮಣಿಯವರೂ ಸಾಹಿತ್ಯದ ಆಸರೆಯನ್ನು ಸಡಿಲಿಸಿ ಸ್ವರಕ್ಕೂ ಅಕಾರಕ್ಕೂ ಹೆಚ್ಚಿನ ಎಡೆಯಿತ್ತರು. ಇಬ್ಬರೂ ತಮ್ಮ ತಮ್ಮ ಗಂಟಿನಿಂದ ಒಂದೊಂದನ್ನು ಕೆಳಗಿಳಿಸಿದುದರಿಂದಲೇ ಕೂಟಕ್ಕೆ ಜಾಗ ದೊರೆಯಿತು. ಅಗ್ಗದ ಬೆರಕೆಯಲ್ಲಿ ಯಾರೂ ಏನನ್ನೂ ಬಿಡುವುದಿಲ್ಲ. ಆದಕಾರಣ ಅಲ್ಲಿ ಗದ್ದಲವೇ ಹೆಚ್ಚು.

ಮರಿಯಾನೊ ಹೀಗೆ ಕೂರಲು ಹೇಗೆ ಕಲಿತರು? ಅವರು 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವರು; ಚಾರ್ಲ್ಸ್ ಮಿಂಗಸ್ ಎಂಬ ಪ್ರಸಿದ್ಧ ಜಾಜ್ ಸಂಗೀತಗಾರನ 1963ರ ಮುದ್ರಿಕೆಯಲ್ಲಿ ನುಡಿಸಿ ಹೆಸರಾದವರು. 1960ರ ದಶಕದಲ್ಲಿ ಮಲೇಷ್ಯದಲ್ಲಿದ್ದಾಗ ಅವರ ಕಿವಿಗೆ ನಾಗಸ್ವರ ಬಿದ್ದಿತು. ಅಷ್ಟು ಹೆಸರು ಮಾಡಿದ ಮೇಲೆಯೂ ಆ ವಾದ್ಯವನ್ನು ಅವರು ಶಿಷ್ಯವೃತ್ತಿಯಿಂದ ಕಲಿತರು. ‘ಜ್ಯೋತಿ’ಯಲ್ಲಿ ಅವರು ಸ್ಯಾಕ್ಸೋಫೋನನ್ನೂ ಕೊಳಲನ್ನೂ ನುಡಿಸಿರುವರಾದರೂ ಆ ಉಸಿರಿನ ಹಿಂದೆ ನಾಗಸ್ವರದ ಪಾಠವಿದೆಯೆಂಬುದನ್ನು ಮರೆಯಲಾಗದು.

ಕನಕಪುರ ತಾಲೂಕಿನ ಕಬ್ಬಾಳಿನ ಸೀಮೆಯವರು ಈ ಸಂಗತಿಯನ್ನು ವಿಶೇಷವಾಗಿ ಮನನ ಮಾಡಬೇಕಾಗಿದೆ. ಕಬ್ಬಾಳದುರ್ಗದ ಹೆಬ್ಬಂಡೆಯ ನೆರಳಿನಲ್ಲಿ ಕಬ್ಬಾಳಮ್ಮನ ದರ್ಶನಕ್ಕೆ ಜನ ಸುತ್ತೂರುಗಳಿಂದ ಬಂದು ಸೇರುವರು. ದೇವರ ಉತ್ಸವವಾಗಲಿ, ಮನೆಯ ಮದುವೆಯಾಗಲಿ, ಓಲಗವಿಲ್ಲದೆ ಶುಭವೆನಿಸದೆಂಬುದು ಈ ಕಡೆಯ ನಂಬಿಕೆ. ಓಲಗವೆಂದರೆ ಆ ನಾಗಸ್ವರವೇ. ಆದರೆ ನುಡಿಸುವವರಿಗೆ ದೊರೆಯುವ ಸ್ಥಾನವಾವುದು? ಚಪ್ಪರದ ಒಂದು ಮೂಲೆ, ಕೊನೆಯ ಪಂಕ್ತಿಯ ಊಟ. ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ‘ಗಟ್ಟಿಮೇಳ’ ಎಂಬ ಕೂಗೆದ್ದಾಗ ಎಲ್ಲರಿಗೂ ಅವರ ನೆನಪಾಗುತ್ತದೆ. ಅದಾದರೂ ಅವರ ವಾದನವನ್ನು ಕೇಳುವುದಕ್ಕಲ್ಲ, ಬೇರಾವ ಅಪಶಬ್ದವೂ ಕೇಳದಿರಲೆಂಬುದಕ್ಕೆ. ಯಾವ ವಾದ್ಯಕ್ಕಾಗಿ ಬಾಸ್ಟನ್ನಿನವನೊಬ್ಬ ಶಿಷ್ಯನಾದನೋ ಅದನ್ನು ಬಾಗಿಲಲ್ಲಿಯೇ ಕೂರಿಸಿ, ಒಳಗೆ ಶಾಸ್ತ್ರಶುದ್ಧಿಯ ಚರ್ಚೆ ನಡೆಸುವುದು ವಿಚಿತ್ರವಲ್ಲವೆ?

ಈ ಕತೆಗೆ ಇದಿರುಮುಖವೂ ಉಂಟು. ದಕ್ಷಿಣ ಕನ್ನಡದ ನಾಗಸ್ವರ ವಾದಕರೊಬ್ಬರ ಮಗನಾದ ಕದ್ರಿ ಗೋಪಾಲನಾಥರು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮರುಳಾದರು. ಗಮಕಕ್ಕೆ ಒಗ್ಗದ ಆ ಲೋಹದ ವಾದ್ಯವನ್ನು ವರ್ಷಗಟ್ಟಲೆ ಸಾಧಿಸಿ, ಅದನ್ನು ಕಚೇರಿಯ ವಾದ್ಯವನ್ನಾಗಿ ಮಾಡಿದರು; 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿಯೂ ನುಡಿಸಿದರು. ಸ್ಯಾಕ್ಸೋಫೋನಿನವರು ನಾಗಸ್ವರದ ಕಡೆಗೆ ನಡೆದರು. ನಾಗಸ್ವರದ ಮನೆಯವರು ಸ್ಯಾಕ್ಸೋಫೋನಿನ ಕಡೆಗೆ ನಡೆದರು. ಮರಿಯಾನೊ 2009ರಲ್ಲಿ, ಗೋಪಾಲನಾಥರು 2019ರಲ್ಲಿ ತೀರಿಕೊಂಡರು. ಇಬ್ಬರಿಂದಲೂ ಯಾವ ಸಂಪ್ರದಾಯಕ್ಕೂ ಕುಂದು ಬರಲಿಲ್ಲ. ಇಬ್ಬರೂ ಮೊದಲು ಕೇಳಿದರು, ಬಳಿಕ ಕಲಿತರು, ಆ ಮೇಲೆಯೇ ಸೇರಿಸಿದರು.

ಸಂಪ್ರದಾಯಕ್ಕೆ ಹಾನಿ ಹೊರಗಿನಿಂದ ಬರುವುದಕ್ಕಿಂತ ಮನೆಯವರ ಅನಾದರದಿಂದ ಬರುವುದೇ ಹೆಚ್ಚು. ‘ಜ್ಯೋತಿ’ಯನ್ನು ಮನಸ್ಸಿಟ್ಟು ಕೇಳಿದ ಸಹೃದಯರು ಇದನ್ನು ಒಪ್ಪಿಯಾರು. ಹಾಗೆ ಒಪ್ಪಿದವರು ಮಾಡಬಹುದಾದ ಕೆಲಸವೂ ಕಷ್ಟದ್ದಲ್ಲ. ಮುಂದಿನ ಶುಭಕಾರ್ಯದಲ್ಲಿ ಓಲಗದವರನ್ನು ಚಪ್ಪರದ ಮೂಲೆಯಿಂದ ನಡುಮನೆಗೆ ಕರೆತಂದು, ಜಮಖಾನ ಹಾಸಿ, ಒಂದು ರಾಗವನ್ನು ಸಾವಧಾನವಾಗಿ ನುಡಿಸಿರೆಂದು ಬೇಡಲಿ. ಮನೆಯ ಮಕ್ಕಳು ಎದುರಿಗೆ ಕುಳಿತು, ಮಾತಾಡದೆ, ಕಡೆಯವರೆಗೆ ಕೇಳಲಿ.