ಬೀಗ ಹಾಕಿದ ಬಾಗಿಲು

ಗುಜರಾತಿನ ನಗರಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೆ ಬೇಸಗೆಯ ಕೊನೆಯಲ್ಲಿ ಊರಿನಿಂದ ಬರುವ ಪಾರ್ಸೆಲ್ಲಿಗೆ ಒಂದು ಲಕ್ಷಣವುಂಟು: ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಹೊಲಿದ ಡಬ್ಬಿ, ಹೊಲಿಗೆಯ ಮೇಲೆ ಅಲ್ಲಲ್ಲಿ ಅರಗಿನ ಮುದ್ರೆ, ಇಂಗ್ಲಿಷಿನಲ್ಲಿ ಬರೆದ ವಿಳಾಸದ ಕೆಳಗೆ, ಅಷ್ಟಕ್ಕೇ ತೃಪ್ತಿಯಾಗದೆ, ಮತ್ತೊಮ್ಮೆ ಕನ್ನಡದಲ್ಲಿ ಬರೆದ ಹೆಸರು. ಒಳಗೆ ಹಪ್ಪಳ, ಅರಳುಸಂಡಿಗೆ, ಬಾಳಕದ ಮೆಣಸಿನಕಾಯಿ, ಸಾರಿನ ಪುಡಿ. ಬೆಂಗಳೂರಿನಿಂದ ಅಹಮದಾಬಾದಿಗಿರುವ ಸುಮಾರು 1,500 ಕಿಲೋಮೀಟರುಗಳ ದಾರಿಯನ್ನು, ಗಾಡಿ ಬದಲಿಸಿ, ಚೀಲ ಬದಲಿಸಿ, ಕ್ಷೇಮವಾಗಿ ಕ್ರಮಿಸಿದ ಆ ಗಂಟು ಕಟ್ಟಕಡೆಗೆ ಮನೆಯ ಮೆಟ್ಟಿಲವರೆಗೆ ಬಂದು, ಬಾಗಿಲಿಗೆ ಬೀಗ ಕಂಡು ಹಿಂದಿರುಗುತ್ತದೆ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿರುವ ಹೊತ್ತೇ ಅಂಚೆಯವನು ಬೀದಿಯಲ್ಲಿ ತಿರುಗುವ ಹೊತ್ತು. ಸಂಜೆ ಮನೆಗೆ ಬಂದವರಿಗೆ ಕಾಣುವುದು ಬಾಗಿಲ ಸಂದಿಯಲ್ಲಿ ಸಿಕ್ಕಿಸಿದ ಚೀಟಿ, ಇಲ್ಲವೆ ಫೋನಿನಲ್ಲಿ ಮೂಡಿದ ಒಂದು ಸಾಲಿನ ಸಂದೇಶ.

ಅಲ್ಲಿಂದ ಮುಂದಿನ ಆಯಾಸವನ್ನು ಅನುಭವಿಸಿದವರೇ ಬಲ್ಲರು. ಹತ್ತಿರದ ಅಂಚೆ ಕಚೇರಿಗೆ ಹೋದರೆ, ಎಷ್ಟೋ ವೇಳೆ ಅದು ಸ್ಟಾಂಪು ಮಾರುವ, ಉಳಿತಾಯದ ಹಣ ಕಟ್ಟಿಸಿಕೊಳ್ಳುವ ಕಚೇರಿಯೇ ಹೊರತು ಬಟವಾಡೆಯ ಕಚೇರಿಯಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡಿನ ಆರು ಅಂಕಿಗಳಲ್ಲಿ ಮೊದಲಿನದು ವಲಯವನ್ನು ಸೂಚಿಸುತ್ತದೆ, ಕರ್ನಾಟಕಕ್ಕೆ 5, ಗುಜರಾತಿಗೆ 3. ಬಟವಾಡೆ ಮಾಡುವ ಕಚೇರಿ ಯಾವುದೆಂಬುದು ಕೊನೆಯ ಮೂರು ಅಂಕಿಗಳಲ್ಲಿ ಅಡಗಿರುತ್ತದೆ. ಇದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಗಳೂ ಆಗಿದ್ದರು. ಇಷ್ಟು ವಿಸ್ತಾರವಾದ ದೇಶವನ್ನು ಆರು ಅಂಕಿಗಳಲ್ಲಿ ಹಿಡಿದಿರಿಸಿದ ಆ ಬುದ್ಧಿಗೆ ಸೂತ್ರಗ್ರಂಥಗಳ ಸಂಸ್ಕಾರ ಚೆನ್ನಾಗಿಯೇ ಇದ್ದಿರಬೇಕೆಂದು ನನಗೆ ತೋರುತ್ತದೆ. ಆ ಅಂಕಿಗಳನ್ನು ಅನುಸರಿಸಿ ಸರಿಯಾದ ಕಚೇರಿಯನ್ನು ಮುಟ್ಟಿದರೂ, ಬೆಳಗ್ಗೆ ಹೋದವರ ಪಾರ್ಸೆಲ್ಲು, ಇಲ್ಲಿಯವರು ಟಪಾಲಿಯೆನ್ನುವ ಅಂಚೆಯವನ ಚೀಲದಲ್ಲಿ, ಪುನಃ ಅವರ ಮನೆಯ ಕಡೆಗೇ ಹೊರಟಿರಬಹುದು. ಆತ ಹಿಂದಿರುಗಿ ಲೆಕ್ಕ ಒಪ್ಪಿಸುವ ವೇಳೆಗೆ ಕೌಂಟರು ಮುಚ್ಚಿರಬಹುದು. ನಡುವೆ ಹೋದರೆ ರಿಸೆಸ್ಸು. ‘ಕಾಲೆ ಆವ್ಜೋ’, ನಾಳೆ ಬನ್ನಿ, ಎಂದು ಗುಮಾಸ್ತರು ಹೇಳುವ ದನಿಯಲ್ಲಿ ಕಾಠಿಣ್ಯವಿರುವುದಿಲ್ಲ. ಆದರೆ ನಾಳೆಗೆ ಇನ್ನೊಂದು ಅರ್ಧ ದಿನದ ರಜೆ ಬೇಕು, ಗಂಟನ್ನು ಕಾದಿರಿಸುವ ಅವಧಿಯೋ ಏಳೇ ದಿನ. ಅದು ಮೀರಿದರೆ ಬಂದ ದಾರಿಯಲ್ಲೇ ಅದು ಊರಿಗೆ ಮರಳುತ್ತದೆ. ತಾನು ಕೈಯಾರೆ ಹೊಲಿದು ಕಳುಹಿಸಿದ ಗಂಟು ಷರಾ ಹೊತ್ತು ಮರಳಿ ಬಂದಾಗ ವೃದ್ಧೆಯಾದ ತಾಯಿಯ ಮನಸ್ಸು ಮಗಳ ವಿಷಯದಲ್ಲಿ ಏನೇನನ್ನು ಶಂಕಿಸೀತೆಂಬುದನ್ನು ಯಾವ ನಿಯಮಾವಳಿಯೂ ಗಣನೆಗೆ ತಂದುಕೊಂಡಿಲ್ಲ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ತೊಡಕು ಹೆಸರಿನದು. ಗುಜರಾತಿನ ಕಾಗದಪತ್ರಗಳಲ್ಲಿ ರೂಢಿಯಾಗಿ ಮೊದಲು ಬರುವುದು ಮನೆತನದ ಹೆಸರಾದ ಅಟಕ್, ಆಮೇಲೆ ಸ್ವಂತ ಹೆಸರು, ಅನಂತರ ತಂದೆಯದೋ ಗಂಡನದೋ. ನಮ್ಮ ಹಳೆಯ ಮೈಸೂರಿನ ಕಡೆಯವರಿಗಾದರೋ ಊರಿನದೊಂದು, ತಂದೆಯದೊಂದು ಅಕ್ಷರ ಮುಂದೆ, ಸ್ವಂತ ಹೆಸರು ಹಿಂದೆ; ಮನೆತನದ ಹೆಸರೆಂಬುದೇ ಅನೇಕರಿಗಿಲ್ಲ. ಗುರುತಿನ ಕಾರ್ಡಿನಲ್ಲಿ ಆ ಅಕ್ಷರಗಳು ಒಬ್ಬರಿಗೆ ಬಿಡಿಸಿ, ಒಬ್ಬರಿಗೆ ಬಿಡಿಸದೆ, ಇನ್ನೊಬ್ಬರಿಗೆ ಹಿಂದುಮುಂದಾಗಿ ಅಚ್ಚಾಗಿರುತ್ತವೆ. ಡಬ್ಬಿಯ ಮೇಲೆ ತಾಯಿ ಬರೆದಿರುವುದು ಮನೆಯಲ್ಲಿ ಕರೆಯುವ ಹೆಸರನ್ನು. ‘ಅಟಕ್ ಶುಂ ಛೇ, ಬೆನ್?’, ಮನೆತನದ ಹೆಸರೇನಮ್ಮಾ, ಎಂದು ಗುಮಾಸ್ತರು ಮೃದುವಾಗಿಯೇ ಕೇಳುತ್ತಾರೆ. ಡಬ್ಬಿಯ ಮೇಲಿರುವವಳೂ ಕಾರ್ಡಿನಲ್ಲಿರುವವಳೂ ಕಿಟಕಿಯ ಮುಂದೆ ನಿಂತಿರುವವಳೂ ಒಬ್ಬಳೇ ಎಂಬುದಕ್ಕೆ ತನ್ನ ಮಾತಲ್ಲದೆ ಬೇರೆ ಪ್ರಮಾಣವೇನೂ ಆಕೆಯಲ್ಲಿಲ್ಲ. ಗುಮಾಸ್ತರನ್ನು ನಾನು ದೂರಲಾರೆ. ಒಬ್ಬರ ಗಂಟು ಇನ್ನೊಬ್ಬರ ಕೈ ಸೇರದಂತೆ ಕಾಯುವುದು ಅವರ ಧರ್ಮ; 1877ರಲ್ಲಿ ವಿ.ಪಿ.ಪಿ., 1880ರಲ್ಲಿ ಮನಿಯಾರ್ಡರು ಆರಂಭವಾದಂದಿನಿಂದ ಬಡವರು ತಮ್ಮ ಹಣವನ್ನು ಈ ಇಲಾಖೆಯ ಕೈಗೆ ನಿಶ್ಚಿಂತೆಯಿಂದ ಒಪ್ಪಿಸುತ್ತ ಬಂದಿರುವುದು ಈ ಕಟ್ಟುನಿಟ್ಟನ್ನು ನಂಬಿಯೇ.

ಪೂರ್ವದಲ್ಲಿ ಆ ಪ್ರಮಾಣವನ್ನು ಒದಗಿಸುತ್ತಿದ್ದವನು, ಕೇರಿಯವರನ್ನೆಲ್ಲ ಮುಖ ನೋಡಿಯೇ ಬಲ್ಲ ಟಪಾಲಿ. ಸಾಬರಮತಿಯ ಪೂರ್ವದಡದಲ್ಲಿ, 2017ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಹಳೆಯ ಅಹಮದಾಬಾದಿನ ಪೋಳುಗಳಲ್ಲಿ ನಡೆದಾಡಿದವರಿಗೆ ಇದು ಅರ್ಥವಾಗುತ್ತದೆ. ಇಡೀ ಕೇರಿಗೆ ಹೆಬ್ಬಾಗಿಲು, ಒಳಗೆ ಗೋಡೆಗೆ ಗೋಡೆ ತಾಗಿದ ಮನೆಗಳು, ಮನೆಯ ಮುಂದೆ ಓಟಲೋ ಎಂಬ ಜಗಲಿ, ನಡುವೆ ಹಕ್ಕಿಗಳಿಗೆ ಕಾಳು ಹಾಕುವ ಚಬೂತರೋ. ಅಲ್ಲಿ ಒಂದು ಮನೆಗೆ ಬೀಗವಿದ್ದರೆ ಎದುರು ಜಗಲಿಯ ಅಜ್ಜಿ, ಹೋದವರು ಎಲ್ಲಿಗೆ ಹೋದರು, ಎಷ್ಟು ಹೊತ್ತಿಗೆ ಬಂದಾರು ಎಂಬುದನ್ನು ಕೇಳದೆಯೇ ಹೇಳುತ್ತಾಳೆ. ನದಿಯ ಪಶ್ಚಿಮಕ್ಕೆ ಎದ್ದಿರುವ ಬಹುಮಹಡಿಯ ವಸತಿಗಳಲ್ಲಿ ಆ ಜಗಲಿಯ ಸ್ಥಾನದಲ್ಲಿರುವವನು ಕಾವಲುಗಾರ. ಅವನೂ ಪದೇಪದೇ ಬದಲಾಗುತ್ತಾನೆ.

ಸೂರತ್ತಿನ ಸ್ಥಿತಿ ಇದಕ್ಕೂ ಕರುಣಾಜನಕ. ಅಲ್ಲಿಯ ಪವರ್‌ಲೂಮುಗಳಲ್ಲಿ ದುಡಿಯುವ ಒಡಿಶಾದ, ಅದರಲ್ಲೂ ಗಂಜಾಮ್ ಜಿಲ್ಲೆಯ, ಕೂಲಿಕಾರರು ಹನ್ನೆರಡು ಗಂಟೆಗಳ ಪಾಳಿಯಲ್ಲಿ ದುಡಿದು, ಮೆಸ್ಸೆಂದು ಕರೆಯುವ ಕೊಠಡಿಗಳಲ್ಲಿ, ಹಗಲು ಒಬ್ಬ, ಇರುಳು ಒಬ್ಬ ಎಂಬಂತೆ ಒಂದೇ ಹಾಸುಗೆಯನ್ನು ಹಂಚಿಕೊಂಡು ಮಲಗುತ್ತಾರೆ. ಅಂಥ ಕೊಠಡಿಗೆ ಬೀಗ ಬೀಳುವುದೇ ಅಪೂರ್ವ. ಆದರೂ ಟಪಾಲಿ ಬಂದಾಗ ಅಲ್ಲಿರುವವನು ನಿದ್ರಿಸುತ್ತಿರುತ್ತಾನೆ, ವಿಳಾಸದಾರನು ಮಗ್ಗದ ಮುಂದೆ ನಿಂತಿರುತ್ತಾನೆ. ಅಂಚೆ ಕಚೇರಿಗೆಂದು ಪಾಳಿ ಬಿಟ್ಟರೆ ಆ ದಿನದ ಕೂಲಿಯೇ ಹೋಯಿತು. ವಡೋದರೆಯ ವಿದ್ಯಾರ್ಥಿನಿಲಯಗಳಲ್ಲಿ ರಜೆಯ ದಿನಗಳಲ್ಲಿ ಬಂದು ಅನಾಥವಾಗುವ ಗಂಟುಗಳ ಕಷ್ಟ ಇದರ ಮುಂದೆ ಅಲ್ಪವೆನ್ನಬೇಕು.

ಗುಜರಾತಿಯ ಕತೆಗಾರ ಧೂಮಕೇತು ತಮ್ಮ 1926ರ ‘ತಣಖಾ’ ಸಂಗ್ರಹದಲ್ಲಿ ‘ಪೋಸ್ಟ್ ಆಫೀಸ್’ ಎಂಬ ಕತೆಯನ್ನು ಬರೆದರು. ಮುದುಕ ಅಲಿ, ದೂರದೇಶದ ಮಗಳು ಮರಿಯಮ್ಮಳ ಕಾಗದಕ್ಕಾಗಿ ವರ್ಷಗಟ್ಟಲೆ ಪ್ರತಿದಿನವೂ ಅಂಚೆ ಕಚೇರಿಯ ಬಾಗಿಲಲ್ಲಿ ಬಂದು ಕುಳಿತುಕೊಳ್ಳುತ್ತಾನೆ. ಅವನನ್ನು ಗದರಿಸಿದ ಪೋಸ್ಟ್‌ಮಾಸ್ತರರು, ಕಾಯಿಲೆ ಬಿದ್ದ ಸ್ವಂತ ಮಗಳ ಸುದ್ದಿಗಾಗಿ ತಾವೇ ಕಾಯಬೇಕಾಗಿ ಬಂದಂದು ಅವನ ಸಂಕಟವನ್ನು ಅರಿಯುತ್ತಾರೆ. ಅಂಚೆಯ ಆಡಳಿತದಲ್ಲಿ ವೇಳೆಯನ್ನು ಗೊತ್ತುಮಾಡುವ ಅಧಿಕಾರಿಗಳೆಲ್ಲರೂ ಆ ಕತೆಯನ್ನು ಒಮ್ಮೆ ಓದಬೇಕೆಂದು ನನ್ನ ಹಂಬಲ, ಏಕೆಂದರೆ ಕಿಟಕಿಯ ಒಳಗಿನಿಂದ ನೋಡಿದವರಿಗೆ ವ್ಯವಸ್ಥೆ ಸಮರ್ಪಕವಾಗಿಯೇ ಕಾಣುತ್ತದೆ. ಅದರ ಲೋಪ ತಿಳಿಯುವುದು ಹೊರಗೆ ನಿಂತವರಿಗೆ.

ಬೇಕಾದುದು ಬಹಳವೇನೂ ಇಲ್ಲ. ವಿಳಾಸದಾರರು ಬರೆದುಕೊಟ್ಟ ಅಧಿಕಾರಪತ್ರದ ಮೇಲೆ ಬೇರೊಬ್ಬರಿಗೆ ಗಂಟನ್ನು ಒಪ್ಪಿಸುವ ಪದ್ಧತಿ ಈಗಲೂ ಉಂಟು. ಅದು ಬಹುಮಂದಿಗೆ ತಿಳಿಯದು. ಬಾಗಿಲಿಗೆ ಸಿಕ್ಕಿಸುವ ಚೀಟಿಯಲ್ಲೇ ಅದನ್ನು ಗುಜರಾತಿ ಹಿಂದಿಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚುಮಾಡಿಸಲಿ. ಊರಿನಿಂದ ಕಳುಹಿಸುವವರು ಕಾರ್ಡಿನಲ್ಲಿರುವ ಹೆಸರನ್ನೂ ಫೋನು ಸಂಖ್ಯೆಯನ್ನೂ ತಪ್ಪದೆ ಬರೆಯಲಿ. ಮತ್ತು ಬಟವಾಡೆಯ ಪ್ರತಿಯೊಂದು ಕಚೇರಿಯಲ್ಲಿಯೂ ರಾತ್ರಿ ಎಂಟರವರೆಗೆ ಒಂದು ಕಿಟಕಿ ತೆರೆದಿರಲಿ. ಅಹಮದಾಬಾದಿನ ಮಾಣೆಕ್ ಚೌಕದಲ್ಲಿ ಹಗಲೆಲ್ಲ ಚಿನ್ನಬೆಳ್ಳಿಯ ವ್ಯಾಪಾರ ನಡೆದು, ಆ ಅಂಗಡಿಗಳು ಮುಚ್ಚಿದ ಬಳಿಕ ಅದೇ ನೆಲದ ಮೇಲೆ ತಿಂಡಿಯ ಗಾಡಿಗಳು ನಡುರಾತ್ರಿಯ ತನಕ ಜನರಿಗೆ ಬಡಿಸುತ್ತವೆ; ದುಡಿದು ಬಂದವರಿಗೆ ಯಾವ ಹೊತ್ತು ಅನುಕೂಲವೆಂಬುದನ್ನು ಅಲ್ಲಿಯ ವ್ಯಾಪಾರಿಗಳು ಎಂದೋ ಕಂಡುಕೊಂಡಿದ್ದಾರೆ.