ಸಮುದ್ರಪ್ರಯಾಣಕ್ಕೆ ಮೊದಲು ಮಾಡಿದ ನದೀಪ್ರವಾಸ

ನಮ್ಮ ಕಡೆಗೆ ಯಾರೂ 'ಹೋಗುತ್ತೇನೆ' ಎಂದು ಹೇಳಿ ಮನೆಯಿಂದ ಹೊರಬೀಳುವದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತಾರೆ. ದೂರದ ಪ್ರಯಾಣವಾದರಂತೂ ಬೇಕಾದವರ ಮನೆಗೇ ಹೋಗಿ, ಅವರ ಮುಖವನ್ನು ನೋಡಿ, ಆ ಮಾತನ್ನು ಹೇಳಿ ಬರುವದು ಹಿರಿಯರು ಹಾಕಿಕೊಟ್ಟ ರೂಢಿ. ಈ ರೂಢಿಯು ಬರಿಯ ಉಪಚಾರವಲ್ಲವೆಂಬದನ್ನು 2019ರ ಬೇಸಿಗೆಯು ನನಗೆ ತೋರಿಸಿಕೊಟ್ಟಿತು. ಆ ಸಂಗತಿಯನ್ನು ನನ್ನ ಹಳೆಯ ಸಹಪಾಠಿನಿಯರಿಗೂ, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿರುವ ತಾಯಿತಂದೆಗಳಿಗೂ ಅರಿಕೆ ಮಾಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ನನ್ನ ಮಗಳ ಚೊಚ್ಚಲ ಬಾಣಂತನವು ಅಂದಮಾನಿನಲ್ಲಿ ಆಗಬೇಕಾಗಿತ್ತು. ಅಳಿಯಂದಿರ ನೌಕರಿಯು ಪೋರ್ಟ್ ಬ್ಲೇರಿನಲ್ಲಿ. ಕಿವಿಯ ಶಸ್ತ್ರಕ್ರಿಯೆಯಾದ ತರುವಾಯ ವೈದ್ಯರು ನನಗೆ ವಿಮಾನಯಾನ ಬೇಡವೆಂದು ಹೇಳಿದ್ದರಿಂದ, ಚೆನ್ನೈಯಿಂದ ಹಡಗಿನಲ್ಲಿಯೇ ಹೋಗುವದು ನಿಶ್ಚಯವಾಯಿತು. ಸುಮಾರು 1,200 ಕಿಲೋಮೀಟರು ದೂರ. ಹತ್ತಿರ ಹತ್ತಿರ ಮೂರು ದಿವಸ ನೀರಿನ ಮೇಲೆ. ವಿಜಯಪುರದ ಬಯಲುಸೀಮೆಯಲ್ಲಿ ಹುಟ್ಟಿ, ಒಂದು ಕೊಡ ನೀರಿಗಾಗಿ ಸಾಲಿನಲ್ಲಿ ನಿಂತು ಬೆಳೆದ ನನಗೆ ಸಮುದ್ರವೆಂದರೆ ಭೂಗೋಳದ ಪುಸ್ತಕದೊಳಗಿನ ನೀಲಿಯ ಬಣ್ಣ. ಅಂಜಿಕೆಯಿಂದ ರಾತ್ರಿ ನಿದ್ರೆಯೇ ಬಾರದಾಯಿತು.

1975ರಲ್ಲಿ ಶಾಲೆಯನ್ನು ಬಿಡುವಾಗ ನಾವು ಐವರು ಬೋರ್ಡಿಂಗಿನ ಒಂದೇ ಕೋಣೆಯಲ್ಲಿದ್ದೆವು. ನಾನುಳಿದು ಮಿಕ್ಕ ನಾಲ್ವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳವರು. ಈ ನಾಲ್ವರನ್ನೂ ಕಂಡು ಹೇಳಿ ಬಾರದೆ ಹಡಗನ್ನು ಹತ್ತಬಾರದೆಂದು ಮನಸ್ಸಿನಲ್ಲಿ ನಿಶ್ಚಯಿಸಿ, ಮಾರ್ಚ್ ತಿಂಗಳ ಕೊನೆಗೆ ಹೊರಟೆನು.

ಮೊದಲು ಇಂಡಿಯ ಕಡೆಗೆ. ಅಲ್ಲಿಯ ಗೆಳತಿಯ ಹೊಲವು ಭೀಮಾನದಿಯ ದಂಡೆಯ ಮೇಲಿರುವದು. ಅಲ್ಲಿ ಹೊಳೆಯೇ ಮಹಾರಾಷ್ಟ್ರಕ್ಕೂ ನಮಗೂ ಎಲ್ಲೆ. ಬಾಂದಾರದ ಹಿಂದೆ ನಿಂತ ನೀರಿನಲ್ಲಿ ಅಂಬಿಗನು ನಮ್ಮನ್ನು ಆಚೆಯ ದಂಡೆಗೆ ಒಯ್ದು ತಂದನು. ದೋಣಿಯಲ್ಲಿ ಜೋಳದ ಚೀಲಗಳು, ಎರಡು ಆಡುಗಳು, ಸೊಲ್ಲಾಪುರ ಸೀಮೆಗೆ ಕೊಟ್ಟ ಮಗಳನ್ನು ನೋಡಲು ಹೊರಟ ಒಬ್ಬ ಮುದುಕಿ. ನಾನು ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದದ್ದನ್ನು ಕಂಡು ಆ ಮುದುಕಿಯು, "ತಂಗೀ, ನೀರಿಗೆ ಅಂಜಿದ್ರ ಮಗಳ ಮಾರಿ ಹ್ಯಾಂಗ ನೋಡೂದು?" ಎಂದಳು. ಉತ್ತರ ಕೊಡಲು ನನಗೆ ತಿಳಿಯಲಿಲ್ಲ. ಗೆಳತಿಯು ತನ್ನ ತೋಟದ ಲಿಂಬೆಯ ಉಪ್ಪಿನಕಾಯಿಯ ಭರಣಿಯನ್ನು ಕಟ್ಟಿಕೊಟ್ಟು, ಹಡಗಿನಲ್ಲಿ ವಾಕರಿಕೆ ಬಂದರೆ ನಾಲಿಗೆಗೆ ಹಚ್ಚಿಕೊಳ್ಳಲು ಹೇಳಿದಳು.

ಸಿಂದಗಿಯ ಗೆಳತಿಯು ಎರಡು ವರ್ಷಗಳಿಂದ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಳು. ಶಾಲೆಯಲ್ಲಿ ಹಾಡುವದರಲ್ಲಿ ಎಲ್ಲರಿಗಿಂತ ಮುಂದಾಗಿದ್ದವಳ ಮಾತು ಈಗ ತೊದಲುತ್ತಿತ್ತು. ದೋಣಿಯೊಳಗಿನ ಮುದುಕಿಯ ಮಾತನ್ನು ಹೇಳಿದಾಗ ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕಳು. ಸೊಸೆಗೆ ಸನ್ನೆ ಮಾಡಿ, ಬಾಣಂತಿಯ ಪಾಯಸಕ್ಕೆಂದು ಅಳವಿಯ ಗಂಟನ್ನು ತರಿಸಿದಳು. ನಾನು 'ಹೋಗಿ ಬರುತ್ತೇನೆ' ಎಂದಾಗ ಕೈಯನ್ನು ಬಿಡದೆ, ಒಂದೊಂದೇ ಅಕ್ಷರವನ್ನು ಕೂಡಿಸಿ, "ಬಂದು... ಸಮುದ್ರ ಹ್ಯಾಂಗಿತ್ತು... ಹೇಳು" ಎಂದಳು.

ಅಲ್ಲಿಂದ ಮುದ್ದೇಬಿಹಾಳಕ್ಕೆ ಹೋಗುವಾಗ ದಾರಿಯಲ್ಲಿ ಡೋಣಿ ನದಿಯನ್ನು ದಾಟಿದೆನು. ಹೆಸರು ಡೋಣಿಯಾದರೂ ಬೇಸಿಗೆಯಲ್ಲಿ ಅದರೊಳಗೆ ದೋಣಿ ನಡೆಯುವಂತಿಲ್ಲ, ನೀರೂ ಉಪ್ಪು. ಆದರೆ ಅದರ ದಂಡೆಯ ಎರೆಭೂಮಿಯ ಸತ್ವಕ್ಕಾಗಿ 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎಂಬ ಗಾದೆಯು ಹುಟ್ಟಿದೆ.

ಮುದ್ದೇಬಿಹಾಳದ ಗೆಳತಿಯು ಭೂಗೋಳವನ್ನು ಕಲಿಸಿ ನಿವೃತ್ತಳಾದವಳು. ಆಕೆಯು ನನ್ನನ್ನು ತಂಗಡಗಿಗೆ ಕರೆದೊಯ್ದಳು. ಅಲ್ಲಿ ಕೃಷ್ಣೆಯ ದಂಡೆಯಲ್ಲಿ ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಾನವಿದೆ. ಹೊಳೆಯ ಆಚೆಗೆ, ಮಲಪ್ರಭೆಯು ಕೃಷ್ಣೆಯನ್ನು ಕೂಡುವಲ್ಲಿ, ಕೂಡಲಸಂಗಮ. ಕೆಳಗಡೆ ನಾರಾಯಣಪುರದ ಆಣೆಕಟ್ಟು 1982ರಲ್ಲಿ ಮುಗಿದಂದಿನಿಂದ ಇಲ್ಲಿ ಬೇಸಿಗೆಯಲ್ಲಿಯೂ ನೀರು ನಿಂತಿರುವದು. ದೋಣಿಯು ಹೊಳೆಯ ನಡುವೆ ಬಂದಾಗ ಆಕೆಯು ತರಗತಿಯಲ್ಲಿ ಹೇಳುವವಳಂತೆ ಹೇಳಿದಳು: "ಇಂಡಿ, ಸಿಂದಗಿಯ ಭೀಮಾ ಮುಂದೆ ರಾಯಚೂರ ಸೀಮೆಯೊಳಗ ಕೃಷ್ಣೀನ್ನ ಕೂಡ್ತಾಳ. ಡೋಣೀನೂ ಕೃಷ್ಣೀಗೇ ಬರ್ತದ. ಕೃಷ್ಣಿ ಆಂಧ್ರದ ಹಂಸಲದೀವಿ ಹತ್ರ ಬಂಗಾಲ ಉಪಸಾಗರಕ್ಕ ಬೀಳ್ತಾಳ. ನೀ ಹಡಗಾ ಹತ್ತೂದು ಅದೇ ಸಾಗರದಾಗ. ನಾವು ನಾಲ್ವರೂ ನಿನಗಿಂತ ಮೊದಲ ಅಲ್ಲಿ ಮುಟ್ಟಿರ್ತೀವಿ, ಅಂಜಬ್ಯಾಡ." ಅಂದು ಸಂಜೆ ಆಕೆಯು ಅಂಟಿನ ಉಂಡಿಗಳ ಡಬ್ಬಿಯನ್ನು ಚೀಲದಲ್ಲಿರಿಸಿದಳು.

ಕಡೆಯದು ಬಾಗೇವಾಡಿಯ ಗೆಳತಿಯ ಮನೆ. ಆಲಮಟ್ಟಿಯು ಹಿಂದೆ ಬಸವನ ಬಾಗೇವಾಡಿ ತಾಲೂಕಿಗೆ ಸೇರಿತ್ತು; ಈಗ ನಿಡಗುಂದಿ ತಾಲೂಕಿನಲ್ಲಿದೆ. ಲಾಲ್ ಬಹಾದ್ದೂರ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲನ್ನಿಟ್ಟ ಆಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟೋ ಊರುಗಳು ಮುಳುಗಿದವು. ಗೆಳತಿಯ ಊರೂ ಅವುಗಳಲ್ಲೊಂದು. ಆ ನೀರಿನಿಂದ ಸಾವಿರಾರು ಹೊಲಗಳು ಹಸಿರಾದದ್ದು ನಿಜ. ಆಕೆಯ ತೌರಿನ ಹೊಸ್ತಿಲು ಹೋದದ್ದೂ ನಿಜ. ಪುನರ್ವಸತಿಯ ಊರಿಗೆ ಬಂದ ಮೇಲೆ ಆಕೆಯು ಒಮ್ಮೆಯೂ ಹಿನ್ನೀರಿನ ಹತ್ತಿರ ಸುಳಿದವಳಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಗೋಡೆಗಳು ಮೇಲೇಳುತ್ತವೆಂದು ಮೀನುಗಾರರು ಹೇಳಿದರೂ ಹೋಗಿದ್ದಿಲ್ಲ.

ನನ್ನ ಅಂಜಿಕೆಯನ್ನು ಕೇಳಿ ಆಕೆಯು ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ, "ನೀ ಮೂರು ದಿನ ನೀರ ಮ್ಯಾಲ ಇರಾಕಿ. ನಾ ಒಂದು ತಾಸು ಇರಲಾರೆನೇನು? ನಡಿ" ಎಂದು ಎದ್ದಳು. ಮೀನುಗಾರನೊಬ್ಬನು ನಮ್ಮನ್ನು ಹರಿಗೋಲಿನಲ್ಲಿ ಕುಳ್ಳಿರಿಸಿಕೊಂಡನು. ಹಿಂದೆ ಬಿದಿರಿನ ಬುಟ್ಟಿಗೆ ತೊಗಲನ್ನು ಹೊದಿಸುತ್ತಿದ್ದರು; ಇವನದಕ್ಕೆ ಡಾಂಬರು ಬಳಿದ ತಾಡಪತ್ರಿ. ಹರಿಗೋಲು ಮೆಲ್ಲನೆ ತಿರುಗುತ್ತ ನಡೆಯಿತು. ಒಂದು ಕಡೆಗೆ ಕಲ್ಲಿನ ಕಟ್ಟೆಯ ಅಂಚು, ಅದರಾಚೆ ಬಾವಿಯ ಸುತ್ತುಗೋಡೆ ಕಂಡವು. ಆಕೆಯು ಅತ್ತಿತ್ತ ನೋಡಿ ಓಣಿಯನ್ನು ಗುರುತಿಸಿ, "ಇಲ್ಲೇ" ಎಂದಳು. ಮತ್ತೇನೂ ಆಡಲಿಲ್ಲ. ಬೊಗಸೆಯಿಂದ ನೀರನ್ನೆತ್ತಿ ಮುಖವನ್ನು ತೊಳೆದುಕೊಂಡಳು. ಮನೆಗೆ ಬಂದು ಪೆಟ್ಟಿಗೆಯನ್ನು ತೆರೆದು, ಆ ಮನೆಯನ್ನು ಬಿಡುವಾಗ ತಂದ ತಾಯಿಯ ಹಳೆಯ ಸೀರೆಗಳಿಂದ ಹೊಲಿದ ಒಂದು ಚಿಕ್ಕ ಕೌದಿಯನ್ನು ಹುಟ್ಟುವ ಕೂಸಿಗೆಂದು ನನ್ನ ಮಡಿಲಲ್ಲಿ ಹಾಕಿದಳು.

ಏಪ್ರಿಲಿನಲ್ಲಿ ಹಡಗು ಚೆನ್ನೈಯನ್ನು ಬಿಟ್ಟಿತು. ಎರಡನೆಯ ದಿನ ಯಾವ ಕಡೆಗೂ ನೆಲ ಕಾಣದಾದಾಗ ಎದೆಯು ನಡುಗಿತು. ಆಗ ತಂಗಡಗಿಯ ಹೊಳೆಯ ನಡುವೆ ಕೇಳಿದ ಭೂಗೋಳದ ಪಾಠವು ನೆನಪಾಯಿತು. ಈ ನೀರಿನಲ್ಲಿ ಭೀಮೆಯಿದ್ದಾಳೆ, ಡೋಣಿಯಿದ್ದಾಳೆ, ಕೃಷ್ಣೆಯಿದ್ದಾಳೆ. ಮುಳುಗಿದ ಹೊಸ್ತಿಲನ್ನು ಮುಟ್ಟಿ ಬಂದ ನೀರೂ ಇದೆ. ಲಿಂಬೆಯ ಉಪ್ಪಿನಕಾಯಿಯನ್ನು ನಾಲಿಗೆಗೆ ಹಚ್ಚಿಕೊಂಡು ನೋಡುತ್ತ ಕುಳಿತೆನು. ಅಂಜಿಕೆಯು ಪೂರ್ತಿಯಾಗಿ ಹೋಯಿತೆನ್ನಲಾರೆ. ಆದರೆ ಅಪರಿಚಿತರ ನಡುವೆ ಇದ್ದೇನೆಂಬ ಭಾವವು ಹೋಯಿತು.

ಮೇ ತಿಂಗಳಲ್ಲಿ ಮೊಮ್ಮಗಳು ಹುಟ್ಟಿದಳು. ಜೂನಿನಲ್ಲಿ ಸಿಂದಗಿಯ ಗೆಳತಿಯು ತೀರಿಕೊಂಡ ಸುದ್ದಿ ಬಂದಿತು. ಆ ದಿನವೂ ಬಾಣಂತಿಗೆ ಆಕೆಯ ಅಳವಿಯ ಪಾಯಸವನ್ನೇ ಮಾಡಿದ್ದೆನು. ಅಗಸ್ಟಿನಲ್ಲಿ ಮರಳಿದ ಮೇಲೆ ಸಿಂದಗಿಗೆ ಹೋಗಿ, ಸಮುದ್ರವು ಹೇಗಿತ್ತೆಂಬದನ್ನು ಆಕೆಯ ಸೊಸೆಯ ಮುಂದೆ ಕುಳಿತು ಆದಿಯಿಂದ ಹೇಳಿದೆನು. ಹೇಳುತ್ತೇನೆಂದು ಮಾತು ಕೊಟ್ಟ ಮೇಲೆ ಹೇಳಬೇಕಷ್ಟೆ.

2024ರಲ್ಲಿ ಸರಕಾರವು ಪೋರ್ಟ್ ಬ್ಲೇರಿಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟಾಗ, ಉಳಿದ ಮೂವರು ಗೆಳತಿಯರು ದೂರವಾಣಿಯಲ್ಲಿ ನಕ್ಕು, "ನೀ ವಿಜಯಪುರ ಬಿಟ್ಟು ಎಲ್ಲೂ ಹೋಗೇ ಇಲ್ಲ ಬಿಡು" ಎಂದರು. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಕೌದಿಯು ಚಿಕ್ಕದಾದರೂ ಬಿಟ್ಟು ಮಲಗಲೊಲ್ಲಳು. ತಾಯಿತಂದೆಗಳೇ, ನಿಮ್ಮ ಹುಡುಗಿಯರು ಬೋರ್ಡಿಂಗಿನ ಕೋಣೆಯಲ್ಲಿ ಹರಟುತ್ತ ಹೊತ್ತು ಕಳೆಯುತ್ತಾರೆಂದು ಬೇಸರಪಡಬೇಡಿರಿ. ಮುಂದೊಂದು ದಿನ ಅವರು ದೊಡ್ಡ ನೀರನ್ನು ದಾಟುವಾಗ ಆ ಹರಟೆಯೇ ಅವರ ಬುತ್ತಿಯಾಗುವದು.