ಹೆಸರು ಹೇಳದ ಸಂಶೋಧಕಿ

ತುರ್ಕಿಯ ಇಸ್ತಾಂಬುಲ್ ನಗರದ ಹಳೆಯ ಮಸಾಲೆ ಮಾರುಕಟ್ಟೆಯಲ್ಲಿ 1998ರ ಜುಲೈ 9ರಂದು ಭಾರೀ ಸ್ಫೋಟ ಸಂಭವಿಸಿತು. ಏಳು ಮಂದಿ ಸತ್ತರು. ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಎರಡು ದಿನಗಳ ನಂತರ ಪೊಲೀಸರು 26 ವರ್ಷದ ತರುಣಿಯೊಬ್ಬಳನ್ನು ಬಂಧಿಸಿದರು. ಆಕೆಯೇ ಪಿನಾರ್ ಸೆಲೆಕ್.

1971ರಲ್ಲಿ ಇಸ್ತಾಂಬುಲ್‌ನಲ್ಲಿ ಜನಿಸಿದ ಪಿನಾರ್, ಅಲ್ಲಿನ ಮಿಮಾರ್ ಸಿನಾನ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವರು. ಪುಸ್ತಕದ ಓದಷ್ಟೇ ಅವರಿಗೆ ಸಾಲದಾಯಿತು. ಬೀದಿ ಮಕ್ಕಳು, ಸಮಾಜ ದೂರವಿಟ್ಟ ಜನರ ನಡುವೆ ಬೆರೆತು ಅವರ ಬದುಕನ್ನು ಅರಿಯತೊಡಗಿದರು. ಬಂಧನದ ವೇಳೆಗೆ ಅವರು ಕೈಗೊಂಡಿದ್ದುದು ಕುರ್ದ್ ಜನರ ಹೋರಾಟದ ಅಧ್ಯಯನ. ಅದಕ್ಕಾಗಿ ಹಲವರನ್ನು ಸಂದರ್ಶಿಸಿದ್ದರು.

ಪೊಲೀಸರು ಮೊದಲು ಕೇಳಿದ್ದು ಆ ಜನರ ಹೆಸರುಗಳನ್ನು. ಪಿನಾರ್ ಹೇಳಲಿಲ್ಲ. ನಂಬಿ ಮಾತನಾಡಿದವರಿಗೆ ದ್ರೋಹ ಬಗೆದರೆ ಸಂಶೋಧನೆಗೆ ಅರ್ಥವೇನು? ತಮಗೆ ಚಿತ್ರಹಿಂಸೆ ಕೊಟ್ಟರೆಂದೂ, ಸ್ಫೋಟದ ಆರೋಪ ತಮ್ಮ ಮೇಲಿದೆಯೆಂಬುದು ಜೈಲಿನ ಟಿವಿಯಿಂದ ತಿಳಿಯಿತೆಂದೂ ಅವರು ಮುಂದೆ ಹೇಳಿದ್ದಾರೆ.

ಸ್ಫೋಟಕ್ಕೆ ಗ್ಯಾಸ್ ಸೋರಿಕೆಯೇ ಕಾರಣವೆಂದು ತಜ್ಞರ ವರದಿಗಳು ಹೇಳಿದವು. ಬಾಂಬ್ ಸಿಡಿದರೆ ಅದರ ರಾಸಾಯನಿಕ ಕುರುಹು, ಗೋಡೆ-ನೆಲದ ಮೇಲಿನ ಗುರುತು ಉಳಿಯಬೇಕು. ಗಾಳಿಯೊಂದಿಗೆ ಬೆರೆತ ಅನಿಲ ಹೊತ್ತಿಕೊಂಡಾಗ ಆಗುವ ಹಾನಿಯ ಬಗೆಯೇ ಬೇರೆ. ಎರಡೂವರೆ ವರ್ಷದ ಸೆರೆವಾಸದ ಬಳಿಕ 2000ದ ಡಿಸೆಂಬರ್‌ನಲ್ಲಿ ಪಿನಾರ್ ಹೊರಬಂದರು.

ಆದರೆ ಮೊಕದ್ದಮೆ ಮುಗಿಯಲಿಲ್ಲ. 2006, 2008, 2011, 2014 - ನಾಲ್ಕು ಬಾರಿ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದಿತು. ನಡುವೆ 2013ರಲ್ಲಿ ಜೀವಾವಧಿ ಶಿಕ್ಷೆಯೂ ಬಂತು! 2022ರಲ್ಲಿ ಮೇಲಿನ ನ್ಯಾಯಾಲಯ ಕೊನೆಯ ಬಿಡುಗಡೆಯನ್ನೂ ರದ್ದು ಮಾಡಿ, 2023ರಲ್ಲಿ ಮತ್ತೆ ವಿಚಾರಣೆ ಶುರುವಾಯಿತು.

ಈ ದಾರಿಯಲ್ಲಿ ಅವರಿಗೆ ಮನೆಯವರ ಬೆಂಬಲವಿತ್ತು. ವಕೀಲರಾದ ತಂದೆ ಅಲ್ಪ್ ಸೆಲೆಕ್ ಮಗಳ ಪರ ವಾದಿಸಿದರು. ತಂಗಿಯಂತೂ ತನ್ನ ಉದ್ಯೋಗ ಬಿಟ್ಟು, ಅಕ್ಕನಿಗಾಗಿ ಕಾನೂನು ಓದಿ ವಕೀಲೆಯಾದಳು.

ಪಿನಾರ್ ಕಹಿಯನ್ನೇ ಮೆಲುಕು ಹಾಕುತ್ತ ಕೂರಲಿಲ್ಲ. ಜೈಲಿನಿಂದ ಬಂದ ಮರುವರ್ಷವೇ ಗೆಳತಿಯರೊಡನೆ 'ಅಮಾರ್ಗಿ' ಎಂಬ ಮಹಿಳಾ ಸಹಕಾರ ಸಂಘ ಕಟ್ಟಿದರು. ಕಡ್ಡಾಯ ಸೈನಿಕ ಸೇವೆ ಹುಡುಗರನ್ನು ಹೇಗೆ 'ಗಂಡಸ'ರನ್ನಾಗಿ ತಿದ್ದುತ್ತದೆಂಬ ಅವರ ಅಧ್ಯಯನ 2008ರಲ್ಲಿ ಪುಸ್ತಕವಾಯಿತು. ಕಾದಂಬರಿಗಳನ್ನೂ, ಮಕ್ಕಳಿಗಾಗಿ ಕಥೆಗಳನ್ನೂ ಬರೆದರು. 2009ರಲ್ಲಿ ದೇಶ ಬಿಟ್ಟು ಜರ್ಮನಿಗೆ, ಅಲ್ಲಿಂದ ಫ್ರಾನ್ಸಿಗೆ ಹೋದರು. 2014ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಮುಂದೆ ನೀಸ್ ನಗರದಲ್ಲಿ ಅಧ್ಯಾಪಕಿಯಾದರು.

ಸಂಶೋಧನೆಯೆಂದರೆ ಅಂಕಿ-ಅಂಶ ಕಲೆಹಾಕುವುದಷ್ಟೇ ಎಂದುಕೊಂಡಿರುವ ವಿದ್ಯಾರ್ಥಿಗಳು ಪಿನಾರ್ ಕಥೆಯನ್ನು ತಿಳಿಯಬೇಕು. ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡ ಮೇಲೂ, ಉತ್ತರ ಕೊಟ್ಟವರ ಋಣ ಉಳಿದಿರುತ್ತದೆ. ಆ ಋಣ ತೀರಿಸಲು ಅವರು ತೆತ್ತದ್ದು ತಾಯ್ನಾಡನ್ನೇ.